ಎರಡು ಬಡಿದರೆ ಮುಗಿಯಿತೆಂದು

ನನ್ನ ಗಂಡ ಕೂರಿಸಿದ ಕಿಟಕಿ ಸೋರುತ್ತಿದೆ ಎಂದು ದೋಣಿಯ ಕಾಕಾ ಫೋನಿನಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅವರು ತೀರಿಕೊಂಡು ವರ್ಷ ತುಂಬಿತ್ತಷ್ಟೆ. ಗೋಕಾಕದ ನಮ್ಮ ಅಂಗಡಿಯಲ್ಲಿ ಕೂತು ಯಾರದೋ ಮನೆಯ ಕನ್ನಡಿಗೆ ಚೌಕಟ್ಟು ಹಾಕುತ್ತಿದ್ದೆ. ಸುತ್ತಿಗೆ ಕೆಳಗಿಟ್ಟು ಕೇಳಿದೆ, "ಏನಂದ್ರಿ ಕಾಕಾರ? ಸೋರಾಕತ್ತೈತಿ? ನೀರು ಮ್ಯಾಲಿಂದ ಬರಾಕತ್ತಿರಬೇಕು. ಛಾವಣಿ ನೋಡ್ಕೋರಿ ಮೊದಲ."

"ಛಾವಣಿ ಅಲ್ಲ ತಂಗಿ, ಕಿಟಕಿನ. ಎಡಗಡಿ ಮುಂದಿಂದು. ಒಳಗ ಹಾಸಿಗಿ ಎಲ್ಲಾ ತೊಯ್ದೈತಿ. ನಾ ಬೈಯಾಕ ಫೋನ್ ಮಾಡಿಲ್ಲವಾ. ನಿನ್ನ ಬಿಟ್ರ ಯಾರಿಗೆ ಹೇಳ್ಲಿ?"

"ನಾಳೆ ಬಂದು ನೋಡ್ತೇನಿ. ನಮ್ಮವರು ಕುಂಡ್ರಿಸಿದ್ದು ಸೋರಂಗಿಲ್ರಿ" ಎಂದು ಫೋನಿಟ್ಟೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಜೀವಮಾನವೆಲ್ಲ ತಿರುಗಿ ಆ ಮನುಷ್ಯ ಗಳಿಸಿದ್ದು ಅದೊಂದೇ ಹೆಸರು: ಇವನು ಕೂರಿಸಿದ ಗಾಜಿನ ಸಂದಿಯಿಂದ ಹನಿ ನೀರು ಒಳಗೆ ಬರುವುದಿಲ್ಲ. ಆ ಹೆಸರನ್ನೂ ಯಾರಾದರೂ ಕಸಿದುಕೊಂಡರೆ ಅವರದೆಂದು ನನ್ನ ಹತ್ತಿರ ಉಳಿಯುವುದೇನು? ರಾತ್ರಿ ಊಟ ಸೇರಲಿಲ್ಲ.

ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಗಂಡ ಹೆಂಡತಿ ಗಾಡಿಗಳಿಗೆ ಗಾಜು ಕೂರಿಸುವವರು. ಬಸ್ಸು, ಟೆಂಪೊ, ಟ್ರ್ಯಾಕ್ಟರಿನ ಕ್ಯಾಬಿನ್ನು, ಕಬ್ಬಿನ ಲಾರಿ, ಏನು ಬಂದರೂ ಸೈ. ಗಾಜಿನ ಸುತ್ತ ದಪ್ಪ ರಬ್ಬರ್ ಪಟ್ಟಿ ತೊಡಿಸುತ್ತಾರೆ. ಆ ರಬ್ಬರಿಗೆ ಎರಡು ತುಟಿಗಳು. ಒಂದು ತುಟಿ ಗಾಡಿಯ ತಗಡಿನ ಹೊರಗೆ ನಿಲ್ಲಬೇಕು, ಇನ್ನೊಂದು ಒಳಗೆ. ಒಳಗಿನದು ತಾನಾಗಿ ಒಳಗೆ ಹೋಗುವುದಿಲ್ಲ, ಮಡಚಿಕೊಂಡು ಹಟ ಹಿಡಿದು ಕೂತಿರುತ್ತದೆ. ಅದಕ್ಕೇ ರಬ್ಬರಿನ ತೋಡಿನೊಳಗೆ ಸುತ್ತಲೂ ಒಂದು ಹುರಿ ಇಟ್ಟು, ಸಾಬೂನಿನ ನೀರು ಸವರಿ, ಗಾಜನ್ನು ಹೊರಗಿನಿಂದ ಆನಿಸಿ, ಹುರಿಯ ತುದಿಗಳನ್ನು ಒಳಗೆ ಬಿಡುತ್ತಾರೆ. ಒಳಗಿನವರು ಹುರಿಯನ್ನು ಎಳೆಯುತ್ತ ಹೋದ ಹಾಗೆ ತುಟಿ ಗೇಣು ಗೇಣಾಗಿ ತಗಡಿನ ಮೇಲೆ ಹಾರಿ ಕೂರುತ್ತದೆ. ಹೊರಗಿನವರು ಅದೇ ಜಾಗದಲ್ಲಿ ಅಂಗೈಯಿಂದ ಒತ್ತಿ ಹಿಡಿಯಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಇದು. ಅವರು ಒಳಗೆ, ನಾನು ಹೊರಗೆ. ಮದುವೆಯಾಗಿ ಮೂಡಲಗಿಯಿಂದ ಬಂದ ಮೊದಲ ವರ್ಷವೇ ಈ ಕೆಲಸಕ್ಕೆ ನಿಂತವಳು ನಾನು.

ಎಲ್ಲರೂ ನೈಲಾನ್ ಹುರಿ ಬಳಸಿದರೆ ಇವರಿಗೆ ಅದು ಆಗದು, ಬೆರಳು ಕುಯ್ಯುತ್ತದೆ ಎಂದು. ಒಂದು ದಿನ ಹುರಿ ಸಿಗದೆ ನಾನು ಸೀರೆಯೊಳಗೆ ಉಟ್ಟ ಪರಕರದ ಲಾಡಿಯನ್ನೇ ಎಳೆದು ಕೊಟ್ಟೆ. ಕೆಲಸ ಬೆಣ್ಣೆಯ ಹಾಗೆ ಆಯಿತು. ಅಂದಿನಿಂದ ನಮ್ಮದು ಹಸಿರು ಹತ್ತಿ ಲಾಡಿ. ಸಂತೆಯಲ್ಲಿ ನಾನು ಕಟ್ಟುಗಟ್ಟಲೆ ಕೊಳ್ಳುವುದನ್ನು ನೋಡಿ ಅಂಗಡಿಯವಳು, "ಎಷ್ಟ ಪರಕರ ಹೊಲಸ್ತೀರಬೇ ಯವ್ವಾ, ಮನ್ಯಾಗ ಹೆಣ್ಮಕ್ಳು ಎಷ್ಟ ಮಂದಿ?" ಎನ್ನುತ್ತಿದ್ದಳು. "ಒಬ್ಬರ ಅದಾರ, ಮೀಸಿ ಬಿಟ್ಟಾರ" ಎನ್ನುತ್ತಿದ್ದೆ. ಅವರು ದೂರ ನಿಂತು ಮುಸಿ ಮುಸಿ ನಗುತ್ತಿದ್ದರು.

ಇನ್ನು ದೋಣಿಯ ಮಾತು. ಈ ಕಾಕಾ ಹತ್ತರಗಿಯ ಹತ್ತಿರದವರು, ನೌಕಾಪಡೆಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದಿದ್ದರು. ಹೊಲ ಇತ್ತು, ಅದರಲ್ಲಿ ಮನಸ್ಸಿರಲಿಲ್ಲ. ಕರಾವಳಿಯಲ್ಲಿ ಯಾರೋ ಮೂಲೆಗೆ ಹಾಕಿದ್ದ ಹಳೆಯ ಹಾಯಿದೋಣಿಯೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಹೆದ್ದಾರಿಗುಂಟ ತಂದು ಹಿಡಕಲ್ ಹಿನ್ನೀರಿನ ದಂಡೆಗೆ ಇಳಿಸಿದರು. ಕುರಿ ಕಾಯುವವರು ಕುರಿ ಬಿಟ್ಟು ಅದನ್ನು ನೋಡುತ್ತ ನಿಂತರಂತೆ. ಅದಕ್ಕೊಂದು ಪುಟ್ಟ ಕೋಣೆ, ಒಳಗೆ ಇಬ್ಬರು ಮಲಗುವಷ್ಟು ಜಾಗ, ಆ ಕಡೆ ಮೂರು ಈ ಕಡೆ ಮೂರು ಕಿಟಕಿ. ಕಿಟಕಿಗಳೆಲ್ಲ ಬಿಸಿಲಿಗೆ ಹಳದಿಯಾಗಿ, ಬಿರುಕು ಬಿಟ್ಟು, ರಬ್ಬರು ಹಪ್ಪಳದ ಹಾಗೆ ಮುರಿಯುತ್ತಿತ್ತು. ದೋಣಿಯ ಕಿಟಕಿ ಮಾಡುವವರು ಇಲ್ಲೆಲ್ಲಿ ಸಿಗಬೇಕು? ಬಸ್ಸಿಗೆ ಕೂರಿಸುವವರು ದೋಣಿಗೆ ಕೂರಿಸಲಾರರೇ ಎಂದು ನಮ್ಮಂಗಡಿಗೆ ಬಂದರು.

"ಬಸ್ಸಿಗೆ ಮಳಿ ಮ್ಯಾಲಿಂದ ಬರ್ತೈತ್ರಿ ಕಾಕಾರ. ಇದಕ್ಕ ನಾಕೂ ಕಡಿಯಿಂದ ಬರ್ತೈತಿ" ಎಂದರು ನನ್ನವರು. ಅಷ್ಟು ಹೇಳುವಾಗಲೇ ಅವರ ಕಣ್ಣು ಹೊಳೆಯುತ್ತಿತ್ತು. ಬಸ್ಸು, ಟೆಂಪೊ ಮಾಡಿ ಮಾಡಿ ಬೇಸತ್ತವರಿಗೆ ಹಬ್ಬ ಬಂದಂತಾಗಿತ್ತು.

ಕಾರಹುಣ್ಣಿಮೆಯ ಮುಂಚಿನ ಬಿಸಿಲು. ದೋಣಿ ದಂಡೆಯ ಮೇಲೆ ಮರದ ದಿಮ್ಮಿಗಳ ನಡುವೆ ನಿಂತಿತ್ತು. ಹಳೆಯ ಹಾಳೆಗಳನ್ನು ಬಿಚ್ಚಿ, ಅಳತೆ ತೆಗೆದು, ದಪ್ಪ ಅಕ್ರಿಲಿಕ್ ಹಾಳೆ ಕತ್ತರಿಸಿ ತಂದೆವು. ಅಕ್ರಿಲಿಕ್ ಗಾಜಿನ ಹಾಗಲ್ಲ, ಉಗುರು ತಾಗಿದರೂ ಗೀರು ಬೀಳುತ್ತದೆ. ಅದಕ್ಕೆ ಎರಡೂ ಮೈಗೆ ಕಂದು ಕಾಗದ ಅಂಟಿಸಿಯೇ ಕೊಡುತ್ತಾರೆ. ಅಂಚಿನಲ್ಲಿ ಮಾತ್ರ ಕಾಗದ ಬಿಡಿಸಿ ರಬ್ಬರು ತೊಡಿಸುತ್ತೇವೆ, ನಡುವಿನದನ್ನು ಕೆಲಸ ಮುಗಿಯುವವರೆಗೆ ತೆಗೆಯುವುದಿಲ್ಲ. ಹಾಗಾಗಿ ಒಳಗಿನವರ ಮುಖ ಹೊರಗಿನವರಿಗೆ ಕಾಣುವುದಿಲ್ಲ. ನಾವು ಬಡಿತದಲ್ಲೇ ಮಾತಾಡುತ್ತಿದ್ದೆವು. ಒಂದು ಬಡಿದರೆ ನಿಲ್ಲು, ಒತ್ತಿ ಹಿಡಿ. ಎರಡು ಬಡಿದರೆ ಮುಗಿಯಿತು, ಕೈ ಬಿಡು. ಆಮೇಲೆ ಅವರು ಒಳಗಿನ ಕಾಗದ ಸುಲಿಯುತ್ತಿದ್ದರು, ನಾನು ಹೊರಗಿನದು. ಚರ್ರೆಂದು ಕಾಗದ ಬಂದ ಕೂಡಲೇ ಎದುರಿಗೆ ಅವರ ಮುಖ. ಪ್ರತಿ ಸಲವೂ ಹುಬ್ಬು ಹಾರಿಸಿ, "ಹೆಂಗೈತಿ?" ಎಂದು ಕೇಳುವವರು. ಗಾಜಿನಾಚೆ ದನಿ ಕೇಳಿಸದಿದ್ದರೂ ಏನು ಕೇಳಿದರೆಂದು ಗೊತ್ತಾಗುತ್ತಿತ್ತು. ಮುದುಕರಾಗುವ ಕಾಲಕ್ಕೆ ಇದೇನು ಹುಡುಗಾಟ ಎಂದು ನಾನು ಮೂತಿ ತಿರುವುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಒಂದು ಕ್ಷಣಕ್ಕಾಗಿಯೇ ಬಿಸಿಲಲ್ಲಿ ನಿಂತು ಅಂಗೈ ಸುಟ್ಟುಕೊಳ್ಳುತ್ತಿದ್ದೆ.

ಆರನೆಯ ಕಿಟಕಿ, ಎಡಗಡೆಯ ಮುಂದಿನದು, ಸಂಜೆಗೆ ಬಂತು. ಅದು ಸ್ವಲ್ಪ ತಡವಾಯಿತು. ಒಂದು ಬಡಿದರು, ನಾನು ಒತ್ತಿ ಹಿಡಿದೆ. ಬಹಳ ಹೊತ್ತು ಹಿಡಿದೆ. "ಏನ್ರಿ, ಒಳಗ ನಿದ್ದಿ ಹತ್ತೇನು?" ಎಂದು ಕೂಗಿದೆ. ಆಮೇಲೆ ಎರಡು ಬಡಿತ ಕೇಳಿತು. ನಾನು ಕೈ ಬಿಟ್ಟು ಕಾಗದ ಸುಲಿದೆ. ಒಳಗಿನ ಕಾಗದ ಹಾಗೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದೂ ಬಂತು. ಅವರು ಹುಬ್ಬು ಹಾರಿಸಲಿಲ್ಲ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಒಳಗೆ ಕಾವು, ಬೆವರಿಳಿದಿದೆ ಅಂದುಕೊಂಡೆ. ಒಳಗೆ ರಬ್ಬರಿನ ಅಂಚು ಮುಚ್ಚುವ ಸುತ್ತುಪಟ್ಟಿ ಹೊಡೆಯಲು ಬರಲೇ ಎಂದು ಕೈಸನ್ನೆಯಲ್ಲಿ ಕೇಳಿದರೆ, ಬೇಡ, ನಾನೇ ಹೊಡೆಯುತ್ತೇನೆ ಎಂದು ತಲೆಯಾಡಿಸಿದರು.

ಆ ದಸರಾದಲ್ಲಿ ಬನ್ನಿ ಕೊಡುವಾಗ ಎಲೆಗಳು ಅವರ ಕೈಯಿಂದ ಜಾರಿ ಬಿದ್ದವು. ಎಲೆಗೇನು ಭಾರ? ಎತ್ತಿ ಕೊಡಲು ಹೋದರು, ಬೆರಳು ಕೂಡಲಿಲ್ಲ. ನಗುತ್ತಲೇ ನನ್ನ ಮುಖ ನೋಡಿದರು. ಆಮೇಲೆ ಅಂಗಡಿಯ ಶಟರು ಎತ್ತಲಾಗಲಿಲ್ಲ. ಬೆಳಗಾವಿಗೆ ಕರೆದುಕೊಂಡು ಹೋದೆ. ಡಾಕ್ಟರು ಅಲ್ಲಿ ಇಲ್ಲಿ ತಟ್ಟಿ, ಸೂಜಿ ಚುಚ್ಚಿ, ಯಂತ್ರದಲ್ಲಿ ಮಲಗಿಸಿ ನೋಡಿ, "ಕೈಯಾಗಿನ ಶಕ್ತಿ ಯಾವಾಗಿಂದ ಕಡಿಮಿ ಆಗೇತಿ?" ಎಂದು ಕೇಳಿದರು.

"ದಸರಾದಿಂದ್ರಿ" ಎಂದರು ಇವರು.

ಡಾಕ್ಟರು ನನ್ನ ಕಡೆ ನೋಡಿದರು. "ಹೌದ್ರಿ, ದಸರಾದಿಂದನ. ಅದರ ಮುಂಚೆ ಏನೂ ಇದ್ದಿದ್ದಿಲ್ಲ. ಇದ್ರ ನನಗ ಗೊತ್ತಾಗ್ತಿರಲಿಲ್ಲೇನ್ರಿ?" ಎಂದೆ. ಎಂಥ ಧೈರ್ಯದಿಂದ ಹೇಳಿದೆನೋ. ನರಗಳ ರೋಗವಂತೆ. ಕೈಯಿಂದ ಶುರುವಾಗಿ ಕಾಲು, ನಾಲಿಗೆ, ಕೊನೆಗೆ ಉಸಿರು. ಮೊದಲೇ ತಿಳಿದಿದ್ದರೂ ಗುಣವಾಗುವಂಥದ್ದಲ್ಲ ಎಂದೂ ಹೇಳಿದರು.

ರೋಗ ಡಾಕ್ಟರು ಹೇಳಿದ ಹಾಗೇ ಒಂದೊಂದೇ ಮೆಟ್ಟಿಲು ಇಳಿಯಿತು. ನಾನು ಉಣಿಸಿದೆ, ತೊಳೆದೆ, ಹೊರಳಿಸಿ ಮಲಗಿಸಿದೆ. ನಾಲಿಗೆ ಮಂದವಾದ ಮೇಲೆ ಅವರ ಮಾತು ನನಗೊಬ್ಬಳಿಗೇ ತಿಳಿಯುತ್ತಿತ್ತು. ಆಗ ಪದೇ ಪದೇ ಒಂದೇ ಹಟ: "ದೋಣಿ... ದೋಣಿಗೆ ಹೋಗೂಣು."

"ಈ ಮೈ ತಗೊಂಡು ಎಲ್ಲಿ ಹೋಗ್ತೀರಿ? ಮಳಿ ನಿಂದ್ರಲಿ, ಕಾಕಾರಿಗೆ ಹೇಳಿ ಒಂದ್ ಸುತ್ತು ಹಾಕ್ಸೂಣು" ಎನ್ನುತ್ತಿದ್ದೆ. ಅವರು ಅಲ್ಲ ಅಲ್ಲ ಎಂಬಂತೆ ತಲೆ ಹೊರಳಿಸುತ್ತಿದ್ದರು. ನೀರಿನ ಮೇಲೆ ಹೋಗುವ ಆಸೆ, ಪಾಪ, ಎಂದು ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಳೆ ನಿಲ್ಲುವ ಮುಂಚೆಯೇ ಅವರು ಹೋದರು. ಮಣ್ಣು ಮಾಡಿ ಬಂದ ಮೇಲೆ ಅಂಗಡಿಯಲ್ಲಿ ಕನ್ನಡಿ, ಫೋಟೊ ಚೌಕಟ್ಟು ಇಂಥ ಒಬ್ಬರ ಕೆಲಸ ಮಾತ್ರ ಇಟ್ಟುಕೊಂಡೆ. ಗಾಡಿ ತಂದವರನ್ನು ಬೇರೆ ಕಡೆ ಕಳಿಸುತ್ತಿದ್ದೆ.

ಕಾಕಾನ ಫೋನು ಬಂದ ಮರುದಿನ ಬೆಳಿಗ್ಗೆ ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕಾಕಾನ ಜೊತೆ ಜಗಳ. ನೀವೇ ಏನೋ ಬಡಿದಿರುತ್ತೀರಿ, ಹಗ್ಗ ಉಜ್ಜಿರುತ್ತದೆ, ಸಂದಿಗೆ ಮೆತ್ತಿದ ಸಿಲಿಕೋನು ಅಂಟು ಕೆರೆದಿರುತ್ತೀರಿ. ನನ್ನ ಗಂಡನ ಕೈಗೆ ಹೆಸರಿಡುವ ಮುಂಚೆ ನಿಮ್ಮ ಕೈ ನೋಡಿಕೊಳ್ಳಿ. ಹೀಗೆ. ಪಕ್ಕದಲ್ಲಿ ಕೂತ ಹೆಂಗಸು ನನ್ನ ತುಟಿ ಆಡುವುದನ್ನು ನೋಡಿ ಸ್ವಲ್ಪ ಆಚೆ ಸರಿದಳು.

ದೋಣಿಯನ್ನು ಮತ್ತೆ ದಂಡೆಗೆ ಎಳೆದು ನಿಲ್ಲಿಸಿದ್ದರು. ಕಾಕಾ ಚಹಾ ತರಿಸಲೇ ಎಂದರು. "ಚಾ ಆಮ್ಯಾಗ. ಮೊದಲ ನೀರು ತರ್ರಿ" ಎಂದೆ. ಅವರು ಹೊರಗಿನಿಂದ ಒಂದೊಂದೇ ಕಿಟಕಿಯ ಮೇಲೆ ಕೊಡ ಕೊಡ ನೀರು ಸುರಿದರು, ನಾನು ಒಳಗೆ ಕೂತು ಅಂಚಿಗೆ ಒಣ ಬಟ್ಟೆ ಒತ್ತಿ ನೋಡಿದೆ. ಬಲಗಡೆ ಮೂರೂ ಖಡಕ್ಕಾಗಿದ್ದವು. ಎಡಗಡೆ ಎರಡು, ಅವೂ ಹಾಗೇ. "ನೋಡ್ರಿ ಕಾಕಾರ, ಬಟ್ಟಿ ಮುಟ್ಟಿ ನೋಡ್ರಿ" ಎಂದು ಒಳಗಿನಿಂದಲೇ ಬಟ್ಟೆ ಎತ್ತಿ ತೋರಿಸಿದೆ. ನನ್ನ ದನಿಯಲ್ಲಿ ಗೆದ್ದವರ ಸೊಕ್ಕಿತ್ತು. ಆರನೆಯದಕ್ಕೆ ನೀರು ಸುರಿದರು. ಕೆಳಗಿನ ಮೂಲೆಯ ಸುತ್ತುಪಟ್ಟಿಯ ಅಡಿಯಿಂದ ಒಂದು ಹನಿ ಒಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು.

ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿದೆ. ಪಟ್ಟಿ ತೆಗೆದರೆ ರಬ್ಬರಿನ ತುಟಿ ಸುತ್ತಲೂ ತಗಡಿನ ಮೇಲೆ ಚೆಂದವಾಗಿ ಕೂತಿತ್ತು, ಮೂಲೆಯವರೆಗೆ. ಮೂಲೆಯಲ್ಲಿ ಒಂದು ಗೇಣಿನಷ್ಟು ಜಾಗಕ್ಕೆ ಕಪ್ಪು ಸಿಲಿಕೋನು ಮೆತ್ತಿ ಹೆಬ್ಬೆರಳಿನಿಂದ ನುಣ್ಣಗೆ ಸವರಿತ್ತು. ಅವರದೇ ಹೆಬ್ಬೆರಳು, ಆ ಸವರುವ ರೀತಿ ನನಗೆ ಗೊತ್ತಿಲ್ಲವೇ? ಚಾಕುವಿನಿಂದ ಅದನ್ನು ಎಬ್ಬಿಸಿದೆ. ಅಡಿಯಲ್ಲಿ ತುಟಿ ಹಾರಿರಲಿಲ್ಲ, ಮಡಚಿಕೊಂಡೇ ಇತ್ತು. ಆ ಮಡಿಕೆಯೊಳಗೆ ನನ್ನ ಹಸಿರು ಲಾಡಿ.

ಲಾಡಿಯ ತುದಿಯನ್ನು ಚಾಕುವಿನಿಂದ ಸಮನಾಗಿ ಕತ್ತರಿಸಿ ಒಳಗೇ ಒತ್ತಿಟ್ಟಿದ್ದರು. ಹತ್ತಿಯದಲ್ಲವೇ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ಹೊರಗಿನ ನೀರನ್ನು ಸದ್ದಿಲ್ಲದೆ ಒಳಕ್ಕೆ ಎಳೆದಿತ್ತು. ಸಿಲಿಕೋನು ಗಟ್ಟಿ ಇದ್ದಷ್ಟು ದಿನ ತಡೆದಿತ್ತು, ಅದು ಬಿಟ್ಟ ಮೇಲೆ ಸೋರಿತ್ತು.

ನಾನು ಆ ಪುಟ್ಟ ಕೋಣೆಯ ನೆಲದಲ್ಲಿ ಕೂತು ಲಾಡಿಯ ತುಂಡನ್ನು ಹೊರಗೆ ಎಳೆದೆ. ಸುತ್ತ ಎಲ್ಲ ಎಳೆದು ಕೊನೆಯ ಗೇಣು ಉಳಿದಾಗ ಅವರ ಬೆರಳು ಸೋತಿದ್ದವು. ಎಳೆದಿದ್ದಾರೆ, ಬಂದಿಲ್ಲ. ಮತ್ತೆ ಎಳೆದಿದ್ದಾರೆ. ಕಾಗದದ ಆಚೆ ನಾನು ಒತ್ತಿ ಹಿಡಿದುಕೊಂಡು, ನಿದ್ದೆ ಹತ್ತಿತೇ ಎಂದು ನಗೆಯಾಡುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಹಾಳೆಯಷ್ಟೇ ಅಂತರ. ಕೊನೆಗೆ ಅವರು ಚಾಕು ತೆಗೆದುಕೊಂಡು ಲಾಡಿ ಕುಯ್ದು, ಎರಡು ಸಲ ಬಡಿದಿದ್ದಾರೆ. ಜನ್ಮದಲ್ಲಿ ಮೊದಲ ಸಲ ಆ ಬಡಿತದಲ್ಲಿ ಸುಳ್ಳು ಹೇಳಿದ್ದಾರೆ. ಟವೆಲ್ಲಿನಿಂದ ಒರೆಸಿಕೊಂಡದ್ದು ಬೆವರಾಗಿರಲಿಲ್ಲ.

ಕಾರಹುಣ್ಣಿಮೆಯಿಂದ ದಸರಾದವರೆಗೆ ಒಂದೇ ತಾಟಿನ ಮುಂದೆ ಕೂತು ಉಂಡೆವು, ಒಂದೇ ಸೂರಿನಡಿ ಮಲಗಿದೆವು. ಆ ಗಂಡಸು ಅದನ್ನು ಒಬ್ಬರೇ ಹೊತ್ತುಕೊಂಡು ತಿರುಗಿದರು. ನನಗೆ ಸಿಟ್ಟು ಬಂತು. ಸತ್ತವರ ಮೇಲೆ ಬರುವ ಸಿಟ್ಟು ಬಹಳ ಕೆಟ್ಟದ್ದು, ಎಲ್ಲಿ ತೀರಿಸಿಕೊಳ್ಳುವುದು ಗೊತ್ತಾಗುವುದಿಲ್ಲ. "ನನಗ ಒಂದ ಮಾತು ಹೇಳಬಾರದಾಗಿತ್ತೇನ್ರಿ?" ಎಂದು ಆ ಕಿಟಕಿಗೇ ಕೇಳಿದೆ. ಹೇಳಿದ್ದರೆ ನಾನು ಒಳಗೆ ಹೋಗಿ ಎಳೆಯುತ್ತಿದ್ದೆ, ಅವರು ಹೊರಗೆ ಒತ್ತಿ ಹಿಡಿದರೆ ಸಾಕಾಗಿತ್ತು. ಅಷ್ಟೇ ಅಲ್ಲವೇ ಮಾಡಬೇಕಾಗಿದ್ದದ್ದು?

ಆಮೇಲೆ ನೆನಪಾಯಿತು. ದೋಣಿಗೆ ಹೋಗೋಣ ಎಂದು ಹಟ ಮಾಡಿದ್ದು, ಸುತ್ತು ಹಾಕಿಸುತ್ತೇನೆ ಎಂದಾಗ ಅಲ್ಲ ಅಲ್ಲ ಎಂದು ತಲೆ ಹೊರಳಿಸಿದ್ದು. ಪುಣ್ಯಾತ್ಮನಿಗೆ ನೀರಿನ ಆಸೆ ಇರಲಿಲ್ಲ. ಈ ಗೇಣು ಜಾಗ ಅವರನ್ನು ಸುಡುತ್ತಿತ್ತು. ಸಾಯುವ ಮುಂಚೆ ಇದನ್ನು ಸರಿ ಮಾಡಿಸಬೇಕಿತ್ತು ನನ್ನ ಕೈಯಿಂದ. ಅವರ ಮಾತು ನನಗೊಬ್ಬಳಿಗೇ ತಿಳಿಯುತ್ತದೆ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

"ತಂಗಿ, ಏನಾತು? ಏನರ ಸಿಕ್ತೇನು?" ಕಾಕಾ ಹೊರಗಿನಿಂದ ಕೇಳಿದರು.

ಲಾಡಿಯ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕೆಲಸದ ವಿಷಯದಲ್ಲಿ ನಾವಿಬ್ಬರೂ ಗಿರಾಕಿಗೆ ಸುಳ್ಳು ಹೇಳಿದವರಲ್ಲ. "ರಬ್ಬರ್ ಸುಮಾರ ಬಂದಿತ್ರಿ ಕಾಕಾರ. ಆ ಒಂದ ತುಂಡು ಹಂಗ ಇತ್ತು. ಕುಂಡ್ರಿಸೋದ್ರಾಗ ಏನೂ ತಪ್ಪಿಲ್ರಿ" ಎಂದೆ.

ಅವರು ಕೊಡ ಕೆಳಗಿಟ್ಟು, "ಗೊತ್ತೈತಿ ತಂಗಿ. ಅಂವಾ ಕುಂಡ್ರಿಸಿದ್ದು ಅಂದ ಮ್ಯಾಲೆ ಹಂಗ ಇರಬೇಕು" ಎಂದರು.

ಹಳೆಯ ಹಾಳೆಯನ್ನು ಕಳಚಿ ತೆಗೆದೆವು. ತೆಗೆಯುವಾಗ ಅದು ಮೂಲೆಯಲ್ಲಿ ಸೀಳಿತು. ಫೋನು ಬಂದ ಸಂಜೆಯೇ ಸುಮ್ಮನಿರಲಿ ಎಂದು, ಬೇಕಾಗುವುದಿಲ್ಲ ಎಂದುಕೊಳ್ಳುತ್ತಲೇ, ಅದೇ ಅಳತೆಗೆ ಒಂದು ಹೊಸ ಹಾಳೆ ಕತ್ತರಿಸಿ ಜೊತೆಗೆ ತಂದಿದ್ದೆ. ರಬ್ಬರೂ ಇತ್ತು, ಲಾಡಿಯೂ ಇತ್ತು. ಇಬ್ಬರ ಕೆಲಸ. ಕಾಕಾನಿಗೆ ಹೇಗೆ ಎಳೆಯಬೇಕೆಂದು ತೋರಿಸಿ ಒಳಗೆ ಕಳಿಸಿದೆ. ನಾನೇ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ, ನನ್ನ ಜಾಗ ಹೊರಗೆ.

ಸಾಬೂನಿನ ನೀರು ಸವರಿ, ಕಂದು ಕಾಗದದ ಮೇಲೆ ಎರಡೂ ಅಂಗೈ ಊರಿ ನಿಂತೆ. ರಬ್ಬರು ಕಿರ್ರೆನ್ನುತ್ತ ತಿರುಗಿ ಕೂರುವುದು ಕೈಗೆ ತಿಳಿಯುತ್ತಿತ್ತು. ನೌಕಾಪಡೆಯ ಕೈ, ಬಲವಾಗಿ ಎಳೆಯುತ್ತಿದ್ದರು. ಆ ಮೂಲೆ ಬಂದಾಗ ನಾನು ಮೈಯ ಭಾರವನ್ನೆಲ್ಲ ಅಂಗೈಗೆ ಹಾಕಿದೆ. ಕೊನೆಯ ಗೇಣು ಟಪ್ಪೆಂದು ಹಾರಿ ಕೂತಿತು. ಕೈ ಬಿಡಬಹುದಿತ್ತು. ನಾನು ಎರಡು ಬಡಿತಕ್ಕಾಗಿ ಕಾಯುತ್ತ ನಿಂತಿದ್ದೆ.

"ಮುಗೀತವಾ, ಲಾಡಿ ಎಲ್ಲಾ ಬಂತು, ಕೈ ಬಿಡು" ಎಂದು ಕಾಕಾ ಒಳಗಿನಿಂದ ಕೂಗಿದರು. ಬಡಿತದ ವಿಷಯ ಅವರಿಗೆ ಹೇಗೆ ಗೊತ್ತಿರಬೇಕು, ನಾನು ಹೇಳಿರಲಿಲ್ಲ.

ಹೊರಗಿನ ತುಟಿಗೆ ಸಿಲಿಕೋನು ತುಂಬಿ ಹೆಬ್ಬೆರಳಿನಿಂದ ಸವರಿದೆ. ಹೊರಗಿನ ಕಾಗದ ಸುಲಿದೆ. ಒಳಗೆ ಕಾಕಾನ ಉಗುರು ಕಾಗದದ ಮೂಲೆಯನ್ನು ಎಬ್ಬಿಸುವ ಸದ್ದು ಕೇಳಿತು. ಗಾಜಿನ ಮೇಲೆ ಅಂಗೈ ಬಡಿದೆ, ಒಂದೇ ಸಲ. ಆ ಸದ್ದು ನಿಂತಿತು.

"ಒಳಗಿನ ಕಾಗದ ಈಗ ತಗೀಬ್ಯಾಡ್ರಿ ಕಾಕಾರ" ಎಂದೆ. "ನಾ ಬಸ್ ಹತ್ತಿದ ಮ್ಯಾಲೆ ತಗೀರಿ."